ಸಹಾಯ ಬೇಕು: ಆಟಿಕೆ ಬಿಟ್ಟು ಬೆರಳಿಗೇ ಬಾಯಿ ಹಾಕುವ ಮರಿ

ನಮ್ಮ ನಾಯಿಮರಿಗೆ ಈಗ 14 ವಾರ. ಹಗಲೆಲ್ಲ ಸಾಧು; ಸಂಜೆಯಾದರೆ ಸಾಕು, ಪೈಜಾಮದ ಅಂಚು ಕಚ್ಚಿ ಜಗ್ಗುತ್ತದೆ. ಸೂಜಿಯಂಥ ಹಲ್ಲು, ನನ್ನ ಮುಂಗೈ ತುಂಬ ಗೀರು. ಕಚ್ಚಿದೊಡನೆ ಕೈ ಸಡಿಲ ಬಿಟ್ಟು ಹಗ್ಗದ ಆಟಿಕೆ ಒಡ್ಡುತ್ತೇನೆ. ಎರಡು ಸಲ ಎಳೆದಾಡಿ, ಮೂರನೆಯ ಸಲ ಹಗ್ಗದುದ್ದಕ್ಕೂ ಬಾಯಿ ಸರಿಸುತ್ತ ಬೆರಳಿಗೇ ಬರುತ್ತದೆ! ಹಗ್ಗ ಗಿಡ್ಡವಾಯಿತೇ? ಆಟ ನಿಲ್ಲಿಸಿ ಎದ್ದರೆ ಹಿಮ್ಮಡಿಗೆ ದಾಳಿ. ಒದ್ದೆ ಬಟ್ಟೆಗೆ ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಕೊಟ್ಟರೆ ಮಾತ್ರ 10 ನಿಮಿಷ ನೆಮ್ಮದಿ. ಹಾಲುಹಲ್ಲು ಉದುರುವ ಕಾಲ, 6 ತಿಂಗಳವರೆಗೂ ಈ ಗೋಳು ಇದ್ದದ್ದೇ ಎಂದು ಗೊತ್ತು. ಮೂತಿಗೆ ಹೊಡೆಯಿರಿ ಎನ್ನುವವರು ದಯವಿಟ್ಟು ಬೇಡ, ಆ ಸಲಹೆ ಸಾಕಷ್ಟು ಸಿಕ್ಕಿದೆ. ಸಂಜೆಯ ಈ ಹುಚ್ಚಾಟ ನಿದ್ದೆ ಸಾಲದ್ದರಿಂದಲೋ, ಆಟ ಅತಿಯಾದದ್ದರಿಂದಲೋ? ಇಂಥ ಮರಿಯನ್ನು ಪಳಗಿಸಿದವರು ಯಾವ ಆಟಿಕೆ, ಎಷ್ಟು ಹೊತ್ತು ಆಡಿಸಿದಿರಿ, ತಿಳಿಸಿ.