ಪುಣೆಯಿಂದ ಜರ್ಮನಿಗೆ ಪೇಂಟ್‌ಬಾಲ್ ಮಾರ್ಕರ್ ಒಯ್ಯಬಹುದಾ? ಸಿಲಿಂಡರ್ ಏನು ಮಾಡಲಿ?

ವಾಕಡ್ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಪುಣೆಗೆ ಬಂದು ಆರು ವರ್ಷ ಆಯಿತು. ಆಫೀಸಿನವರ ಜೊತೆ ಒಂದು ಸಲ ಪೇಂಟ್‌ಬಾಲ್ (ಬಣ್ಣ ತುಂಬಿದ ಬಾಲ್ ಹೊಡೆದು ಆಡುವ ಆಟ) ಆಡಲು ಹೋದವನು ಈಗ ಭಾನುವಾರ ಬಂತೆಂದರೆ ಮನೆಯಲ್ಲಿ ಇರುವುದೇ ಇಲ್ಲ. ಬಾಡಿಗೆ ಮಾರ್ಕರ್‌ನಲ್ಲಿ (ಬಾಲ್ ಹಾರಿಸುವ ಗನ್) ಆಡಿ ಸಾಕಾಗಿ, ಹೋದ ವರ್ಷ ನಮ್ಮ ತಂಡದ ಹಿರಿಯರೊಬ್ಬರಿಂದ ಅವರ ಹಳೆಯ ಮಾರ್ಕರ್ ಕೊಂಡುಕೊಂಡೆ. ಅದರ ಟ್ರಿಗರ್ ನನ್ನ ಬೆರಳಿಗೆ ಎಷ್ಟು ಒಗ್ಗಿದೆ ಅಂದರೆ ಬೇರೆಯದು ಹಿಡಿದರೆ ಆಟವೇ ಬರುವುದಿಲ್ಲ.

ಅಕ್ಟೋಬರ್‌ನಲ್ಲಿ ಆಫೀಸಿನವರು ಹತ್ತು ವಾರಕ್ಕೆ ಮ್ಯೂನಿಕ್‌ಗೆ ಕಳಿಸುತ್ತಿದ್ದಾರೆ. ಅಲ್ಲಿನ ಸಹೋದ್ಯೋಗಿಗಳು ಶನಿವಾರ ಆಡುತ್ತಾರಂತೆ, ನನ್ನನ್ನೂ ಕರೆದಿದ್ದಾರೆ. ಮುಂಬೈಯಿಂದ ವಿಮಾನ, ನಡುವೆ ಗಲ್ಫ್‌ನಲ್ಲಿ ಬದಲಾವಣೆ. ಮಾರ್ಕರ್, ಅದಕ್ಕೆ ಒತ್ತಡದ ಗಾಳಿ ಕೊಡುವ 4500 ಪಿಎಸ್ಐ ಕಾರ್ಬನ್ ಫೈಬರ್ ಸಿಲಿಂಡರ್, ಬಾಲ್ ತುಂಬುವ ಲೋಡರ್, ಮಾಸ್ಕ್ ಎಲ್ಲವನ್ನೂ ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಹುದಾ? ಸಿಲಿಂಡರ್ ಖಾಲಿ ಮಾಡಿದರೆ ಸಾಕಾ? ಒಂದೆರಡು ಪ್ಯಾಕ್ ಬಾಲ್ ಕೂಡ ಒಯ್ಯೋಣ ಅಂತಿದ್ದೇನೆ. ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಡೊಂಬಿವಲಿ ಅಣ್ಣ

ತಮ್ಮಾ, ಮೊದಲು ಸಿಲಿಂಡರ್ ವಿಷಯ. ಖಾಲಿ ಮಾಡಿದರೆ ಸಾಲದು.

ನಾವು ಐದು ಜನ ಮಲೇಷ್ಯಾಕ್ಕೆ ಆಡಲು ಹೋಗಿದ್ದೆವು. ಹೊರಡುವ ಹಿಂದಿನ ದಿನ ಸಿಲಿಂಡರ್ ಪೂರ್ತಿ ಖಾಲಿ ಮಾಡಿದ್ದೆ, ಗೇಜ್ ಸೊನ್ನೆ ತೋರಿಸುತ್ತಿತ್ತು. ಸಾಕು ಅಂದುಕೊಂಡೆ. ಬ್ಯಾಗ್ ಹಾಕಿ ಬೋರ್ಡಿಂಗ್ ಪಾಸ್ ತೆಗೆದುಕೊಂಡು ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದೆ, ಅಷ್ಟರಲ್ಲಿ ವಿಮಾನ ಕಂಪನಿಯವರು ಹುಡುಕಿಕೊಂಡು ಬಂದರು. ಎದೆ ಧಸಕ್ ಅಂದಿತು. ಎಕ್ಸ್‌ರೇಯಲ್ಲಿ ಅವರಿಗೆ ಕಂಡಿದ್ದು ಮುಚ್ಚಿದ ಬಾಟಲಿ, ಅದರ ಮೇಲೆ ವಾಲ್ವ್. ಒಳಗೆ ಗಾಳಿ ಇಲ್ಲ ಅಂತ ನಾನು ಹೇಳಿದರೆ ಅವರು ನಂಬುವುದು ಹೇಗೆ? ಗೇಜ್ ಕೆಟ್ಟಿರಲೂಬಹುದು ಅಲ್ವಾ? ತಪ್ಪು ನನ್ನದೇ. ಪುಣ್ಯಕ್ಕೆ ಬಿಡಲು ಬಂದಿದ್ದ ಭಾಮೈದ ಇನ್ನೂ ಪಾರ್ಕಿಂಗ್‌ನಲ್ಲೇ ಇದ್ದ. ಸಿಲಿಂಡರ್ ಅವನ ಕೈಗೆ ಸೇರಿಸಿ ವಾಪಸ್ ಬರುವಷ್ಟರಲ್ಲಿ ಗೇಟ್ ಮುಚ್ಚಲು ಹನ್ನೆರಡು ನಿಮಿಷ ಉಳಿದಿತ್ತು.

ಅಮೆರಿಕದಲ್ಲಿ ವಿಮಾನ ನಿಲ್ದಾಣದ ಭದ್ರತೆ ನೋಡುವ ಟಿಎಸ್‌ಎ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ರೆಗ್ಯುಲೇಟರ್ (ಸಿಲಿಂಡರಿನ ಬಾಯಿಗೆ ಕೂರಿಸಿದ ವಾಲ್ವ್) ಪೂರ್ತಿ ಬಿಚ್ಚಿರಬೇಕು, ಸಿಲಿಂಡರಿನ ಬಾಯಿ ತೆರೆದಿರಬೇಕು, ನೋಡುವವರಿಗೆ ಒಳಗೆ ಏನೂ ಇಲ್ಲ ಅಂತ ಕಣ್ಣಿಗೆ ಕಾಣಬೇಕು. ಬೇರೆ ಕಡೆಯೂ ಹಾಗೆ ತೆರೆದಿಟ್ಟರೆ ವಾದ ಕಡಿಮೆ, ಆದರೂ ವಿಮಾನ ಕಂಪನಿ ಬೇಡ ಅಂದರೆ ಮುಗಿಯಿತು. ಹಾಗಂತ ಮನೆಯಲ್ಲಿ ಪಾನಾ ಹಿಡಿದು ಬಿಚ್ಚಲು ಹೋಗಬೇಡ. ಸ್ವಲ್ಪ ಒತ್ತಡ ಉಳಿದಿದ್ದರೂ ರೆಗ್ಯುಲೇಟರ್ ಗುಂಡಿನ ಹಾಗೆ ಹಾರುತ್ತದೆ. ಅದನ್ನು ಕೂರಿಸುವಾಗ ಥ್ರೆಡ್‌ಗೆ ಅಂಟು ಹಾಕಿರುತ್ತಾರೆ, ಬಿಚ್ಚುವುದೂ ಮತ್ತೆ ಕೂರಿಸುವುದೂ ಗೊತ್ತಿದ್ದವರ ಕೆಲಸ. ಗಾಳಿಯ ಬದಲು ಕೆಲವರು ಬಳಸುವ ಸಿಒ2 ಅನಿಲದ ಆ ಚಿಕ್ಕ 12 ಗ್ರಾಂ ಕ್ಯಾಪ್ಸೂಲ್‌ಗಳಂತೂ ವಿಮಾನಕ್ಕೆ ಬೇಡವೇ ಬೇಡ.

ಬಾಲ್ ಕೂಡ ಬಿಟ್ಟುಬಿಡು. ಒಂದು ಬಾಲ್ ಸುಮಾರು 3 ಗ್ರಾಂ, 2000ದ ಒಂದು ಡಬ್ಬ ಅಂದರೆ ಆರು ಕಿಲೋ. ಅಷ್ಟೇ ಅಲ್ಲ, ಅದರ ಹೊರಸಿಪ್ಪೆ ಜೆಲಾಟಿನ್. ನಮ್ಮ ಮುಂಬೈ ಹವೆಯಲ್ಲಿ ತೇವ ಹೀರಿ ಊದಿಕೊಳ್ಳುತ್ತದೆ, ಚಳಿಗೆ ಗಡುಸಾಗಿ ಚೂರಾಗುತ್ತದೆ. ಊದಿದ ಬಾಲ್ ಬ್ಯಾರಲ್‌ನಲ್ಲೇ (ನಳಿಗೆ) ಒಡೆದು ಮಾರ್ಕರ್ ಒಳಗೆಲ್ಲ ಬಣ್ಣ. ಎಲ್ಲಿ ಆಡುತ್ತೀಯೋ ಅಲ್ಲೇ ಹೊಸದು ಕೊಂಡುಕೊ.

ಮಾರ್ಕರ್ ಒಯ್ಯುವುದಾದರೆ ಕ್ಯಾಬಿನ್ ಯೋಚನೆಯೇ ಬೇಡ, ಚೆಕ್-ಇನ್‌ನಲ್ಲಿ ಮಾತ್ರ. ಬ್ಯಾರಲ್ ಬಿಚ್ಚಿ ಬೇರೆ ಇಡಬೇಕು. ಕೌಂಟರಿನಲ್ಲಿ ಅವರು ಕೇಳುವ ಮೊದಲು ನಾವೇ ಹೇಳಬೇಕು. ವಿಮಾನ ಕಂಪನಿಯಿಂದ ಮೊದಲೇ ಇಮೇಲ್‌ನಲ್ಲಿ ಒಪ್ಪಿಗೆ ತರಿಸಿ ಪ್ರಿಂಟ್ ಇಟ್ಟುಕೋ, ಫೋನಿನಲ್ಲಿ 'ಹೂಂ ಸರ್' ಅಂದಿದ್ದಕ್ಕೆ ಕೌಂಟರಿನಲ್ಲಿ ಬೆಲೆ ಇಲ್ಲ. ನಿನಗೆ ಗಲ್ಫ್‌ನಲ್ಲಿ ಬದಲಾವಣೆ ಇರುವುದರಿಂದ ಆ ದೇಶದ ಅನುಮತಿಯನ್ನೂ ಕೇಳು, ಬ್ಯಾಗ್ ನೇರವಾಗಿ ಮ್ಯೂನಿಕ್‌ಗೆ ಹೋದರೂ ಸರಿ. ಮಲೇಷ್ಯಾದಲ್ಲಿ ನಮಗೆ ಪೊಲೀಸ್ ಅನುಮತಿ ಬೇಕಾಗಿತ್ತು, ಆಯೋಜಕರು ಒಂದೂವರೆ ತಿಂಗಳು ಮೊದಲೇ ಸೀರಿಯಲ್ ನಂಬರ್ ತರಿಸಿಕೊಂಡು ಮಾಡಿಸಿದ್ದರು. ಅವರಿಲ್ಲದಿದ್ದರೆ ಮಾರ್ಕರ್ ಅಲ್ಲಿನ ಕಸ್ಟಮ್ಸ್‌ನಲ್ಲೇ ಉಳಿಯುತ್ತಿತ್ತು.

ವಾಸ್ಕೋದವಳು

ಡೊಂಬಿವಲಿ ಅಣ್ಣ ಹೋಗುವ ದಾರಿ ಹೇಳಿದರು, ನಾನು ಬರುವ ದಾರಿ ಹೇಳುತ್ತೇನೆ. ಗೋವಾದಲ್ಲಿ ಕಾರ್ಗೋ ಏಜೆಂಟ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಜನ ಸಿಕ್ಕಿಬೀಳುವುದು ಜಾಸ್ತಿ ವಾಪಸ್ ಬರುವಾಗ.

ಹೋಗುವಾಗ ಯಾರೂ ಏನೂ ಕೇಳದೆ ಇರಬಹುದು. ಬರುವಾಗ ಕಸ್ಟಮ್ಸ್‌ನವರು ಇದನ್ನು ಎಲ್ಲಿ ಕೊಂಡಿರಿ ಅಂದರೆ ನಿಮ್ಮ ಹತ್ತಿರ ಉತ್ತರ ಇರಬೇಕು. ಬೆಲೆಬಾಳುವ ವಸ್ತು ಒಯ್ಯುವವರು ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ವಸ್ತು ತೋರಿಸಬೇಕು, ಹಾಗಾಗಿ ಬ್ಯಾಗ್ ಚೆಕ್-ಇನ್ ಮಾಡುವ ಮೊದಲೇ ಹೋಗಬೇಕು. ಕೊಟ್ಟಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಏರ್‌ಗನ್‌ಗಳಿಗೆ 4.5 ಮಿ.ಮೀ. ಬೋರ್ (ನಳಿಗೆಯ ಒಳ ಅಗಲ) ಮತ್ತು 20 ಜೂಲ್ ಶಕ್ತಿ ಅಂತ ಒಂದು ಗೆರೆ ಹಾಕಿದ್ದಾರೆ. ಪೇಂಟ್‌ಬಾಲ್ ಶಕ್ತಿಯಲ್ಲಿ ಆ ಗೆರೆಯ ಕೆಳಗೇ ಇದೆ, ಆದರೆ ಬಾಲ್ 17 ಮಿ.ಮೀ. ದಪ್ಪ, ಅಂದರೆ ಬೋರ್‌ನಲ್ಲಿ ಗೆರೆ ದಾಟುತ್ತದೆ. ಇದು ಆಟದ ಸಾಮಾನು ಅಂತ ನೀವು ನಾನು ಅಂದುಕೊಂಡರೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ ಅಂದಿರಿ, ಆ ಹಿರಿಯರು ಅದನ್ನು ದೇಶಕ್ಕೆ ತಂದಾಗಿನ ಕಾಗದ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಗಡಿ ದಾಟಿಸಲೇಬೇಡಿ. ಇದ್ದರೂ ಕಸ್ಟಮ್ಸ್‌ಗೆ ಮೊದಲೇ ಬರೆದು ಕೇಳಿ, ಉತ್ತರ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಠಾಣೆ ಕನ್ನಡಿಗ

ನಾನು ಸ್ಟುಟ್‌ಗಾರ್ಟ್‌ನಲ್ಲಿ ಮೂರು ವರ್ಷ ಇದ್ದು ಆಡಿದವನು. ನೇರವಾಗಿ ಹೇಳುತ್ತೇನೆ, ಈ ಮಾರ್ಕರನ್ನು ಜರ್ಮನಿಗೆ ಒಯ್ಯಬೇಡಿ.

ಅಲ್ಲಿ ಪೇಂಟ್‌ಬಾಲ್ ಮಾರ್ಕರ್ ಆಯುಧ ಕಾನೂನಿನ ಕೆಳಗೆ ಬರುತ್ತದೆ. 18 ತುಂಬಿದವರು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಶಕ್ತಿ 7.5 ಜೂಲ್ ದಾಟಬಾರದು ಮತ್ತು ಮಾರ್ಕರ್ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ 'ಎಫ್' ಅಕ್ಷರದ ಮುದ್ರೆ ಇರಬೇಕು. ನಮ್ಮಲ್ಲಿ ಕ್ರೋನೋ (ಬಾಲ್ ವೇಗ ಅಳೆಯುವ ಯಂತ್ರ) ಮೇಲೆ ಸೆಕೆಂಡಿಗೆ 280ರಿಂದ 300 ಅಡಿ ಬಿಡುತ್ತೇವೆ, ಅದು ಸುಮಾರು 12 ಜೂಲ್ ಆಗುತ್ತದೆ. ಅಲ್ಲಿ 214 ಅಡಿಯ ಆಸುಪಾಸಿನಲ್ಲಿ ಆಡುತ್ತಾರೆ. ವೇಗವನ್ನು ತಿರುಗಿಸಿ ಕಡಿಮೆ ಮಾಡಬಹುದು ಅಂತ ನೀವು ಹೇಳಬಹುದು, ಮುದ್ರೆ ಎಲ್ಲಿಂದ ತರುತ್ತೀರಿ? ಮುದ್ರೆ ಇಲ್ಲದ ಮಾರ್ಕರ್ ಕೈಯಲ್ಲಿದ್ದರೆ ಅದು ದಂಡ ಕಟ್ಟಿ ಮುಗಿಯುವ ಮಾತಲ್ಲ, ಆಯುಧ ಕಾನೂನಿನ ಕೇಸು. ಆಫೀಸಿನ ವೀಸಾದಲ್ಲಿ ಹೋಗುವವರಿಗೆ ಅದು ಬೇಕಾ?

ಸಿಲಿಂಡರ್ ಕೂಡ ಹಾಗೆಯೇ. ಯುರೋಪಿನಲ್ಲಿ ಅದರ ಮೇಲೆ ಗ್ರೀಕ್ ಅಕ್ಷರ 'ಪೈ' ಮುದ್ರೆ ನೋಡುತ್ತಾರೆ. ಅಮೆರಿಕದ ಮುದ್ರೆ ಮಾತ್ರ ಇದ್ದರೆ ಮೈದಾನದಲ್ಲಿ ಗಾಳಿ ತುಂಬಿಕೊಡುವುದಿಲ್ಲ. ಅಷ್ಟು ಕಷ್ಟಪಟ್ಟು ಹೊತ್ತುಕೊಂಡು ಹೋಗಿ ಖಾಲಿ ಬಾಟಲಿ ಇಟ್ಟುಕೊಂಡು ಏನು ಮಾಡುತ್ತೀರಿ?

ನಿಮ್ಮ ಬೆರಳಿಗೆ ಒಗ್ಗಿದ ಟ್ರಿಗರ್ ಬಗ್ಗೆ ಬರೆದಿದ್ದು ಓದಿ ನನಗೂ ಸಂಕಟ ಆಯಿತು, ನಾನೂ ನನ್ನದನ್ನು ಇಲ್ಲೇ ಬಿಟ್ಟು ಹೋಗಿದ್ದೆ. ಮಾಸ್ಕ್, ಗ್ಲೌಸ್, ಜೆರ್ಸಿ, ಬಾಲ್ ಡಬ್ಬಿ ಸಿಕ್ಕಿಸುವ ಪಾಡ್ ಬೆಲ್ಟ್ ಒಯ್ಯಿರಿ. ಮಾರ್ಕರ್ ಅಲ್ಲಿಯ ಸಹೋದ್ಯೋಗಿಗಳಿಂದ ಮೈದಾನದ ಮಟ್ಟಿಗೆ ಕೇಳಿ ಪಡೆಯಿರಿ ಅಥವಾ ಬಾಡಿಗೆಗೆ ತೆಗೆದುಕೊಳ್ಳಿ. ಕೈಗೆ ಕೂರಲು ಎರಡು ಶನಿವಾರ ಸಾಕು.

ಅಂಧೇರಿಯಿಂದ

ಚಿಕ್ಕ ಮಾತು, ಜರ್ಮನಿಗೆ ಬೇಡದಿದ್ದರೂ ಬೇರೆಯವರಿಗೆ ಬೇಕಾಗಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಶೂ ಮತ್ತು ಮೊಣಕಾಲು ಪ್ಯಾಡ್ ಚೆನ್ನಾಗಿ ತೊಳೆದು ಒಣಗಿಸಿ. ಮೆಲ್ಬರ್ನ್‌ನಲ್ಲಿ ನನ್ನ ಶೂ ಅಡಿಯಲ್ಲಿದ್ದ ಕೆಂಪು ಮಣ್ಣಿಗೆ ಮುಕ್ಕಾಲು ಗಂಟೆ ನಿಲ್ಲಿಸಿದರು. ನಾನೇ ಫಾರ್ಮಿನಲ್ಲಿ ಬರೆದಿದ್ದರಿಂದ ತೊಳೆದು ವಾಪಸ್ ಕೊಟ್ಟರು.

ವಾಕಡ್ ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಮಾರ್ಕರ್ ಪೂರ್ತಿ ನೋಡಿದೆ, 'ಎಫ್' ಮುದ್ರೆ ಇಲ್ಲ. ಸಿಲಿಂಡರ್ ಮೇಲೂ 'ಪೈ' ಇಲ್ಲ. ವಾಸ್ಕೋ ಅಕ್ಕ ಕೇಳಿದ ಕಾಗದಕ್ಕೆ ಆ ಹಿರಿಯರಿಗೆ ಫೋನ್ ಮಾಡಿದೆ, ಹುಡುಕುತ್ತೇನೆ ಅಂದಿದ್ದಾರೆ. ಹೋಗಲಿ ಬಿಡಲಿ, ಅದು ನನ್ನ ಹತ್ತಿರ ಇರಲೇಬೇಕು ಅಂತ ಈಗ ಗೊತ್ತಾಯಿತು. ಮಾರ್ಕರ್ ಪುಣೆಯಲ್ಲೇ ಬಿಡುತ್ತೇನೆ. ಮಾಸ್ಕ್ ಕ್ಯಾಬಿನ್ ಬ್ಯಾಗಿನಲ್ಲಿ ಇಡಬಹುದಾ? ಲೆನ್ಸ್‌ಗೆ ಗೀರು ಬೀಳುತ್ತದೆ ಅಂತ ಭಯ.

ಡೊಂಬಿವಲಿ ಅಣ್ಣ

ಇಡಬಹುದು, ನಾನು ಯಾವಾಗಲೂ ಕೈಯಲ್ಲೇ ಒಯ್ಯುತ್ತೇನೆ. ಎರಡು ಪದರದ ಥರ್ಮಲ್ ಲೆನ್ಸ್ ಆದರೆ ತೊಳೆಯುವಾಗ ನೀರಿನಲ್ಲಿ ಮುಳುಗಿಸಬೇಡ, ಪದರದ ನಡುವೆ ನೀರು ಸೇರಿದರೆ ಮಂಜು ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತಿ ಬನಿಯನ್‌ನಲ್ಲಿ ಸುತ್ತಿಡು.