2-3 ಝೋನ್ ಬಿಡಬೇಕೇ, ಗಾರ್ಡ್‌ಗಳಿಗೆ ರಕ್ಷಣೆ ಕಲಿಸಬೇಕೇ?

ಗಾಂಧಿಬಜಾರ್ ಗಾರ್ಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಾಸ್ಕೆಟ್‌ಬಾಲ್ ತಂಡ ನಡೆಸುವ ಆನ್‌ಲೈನ್ ಆಟ ಬಝರ್‌ಬೀಟರ್‌ನಲ್ಲಿ ನಾನು ತಂಡ ನಡೆಸಲು ತೊಡಗಿ ಇದು ಮೂರನೆಯ ಸೀಸನ್. ನನ್ನ ಸೆಂಟರ್ ಮತ್ತು ಪವರ್ ಫಾರ್ವರ್ಡ್ ಇಬ್ಬರೂ ಒಳರಕ್ಷಣೆಯಲ್ಲೂ ರೀಬೌಂಡ್‌ನಲ್ಲೂ ಗಟ್ಟಿಗರಾಗಿರುವುದರಿಂದ ಮೊದಲಿನಿಂದಲೂ 2-3 ಝೋನ್ (ಇಬ್ಬರು ಹೊರಗೆ, ಮೂವರು ಬುಟ್ಟಿಯ ಬಳಿ ನಿಂತು ತಮ್ಮ ತಮ್ಮ ಜಾಗ ಕಾಯುವ ರಕ್ಷಣೆ) ಆಡಿಸುತ್ತಾ ಬಂದಿದ್ದೇನೆ. ಲುಕ್ ಇನ್‌ಸೈಡ್ (ಬುಟ್ಟಿಯ ಹತ್ತಿರದಿಂದ ಎಸೆಯುವ ತಂತ್ರ) ಆಡುವ ತಂಡಗಳೆದುರು ಅದು ನನ್ನ ಮಾನ ಉಳಿಸಿದೆ. ಆದರೆ ಕಳೆದ ಶನಿವಾರ ರನ್ ಆಂಡ್ ಗನ್ (ವೇಗವಾಗಿ ಆಡಿ ಹೊರಗಿನಿಂದ ಎಸೆಯುವ ತಂತ್ರ) ಆಡಿದ ತಂಡವೊಂದು ನನ್ನನ್ನು 19 ಅಂಕಗಳಿಂದ ಸೋಲಿಸಿತು. ರಾತ್ರಿ ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಪಂದ್ಯದ ವರದಿಯನ್ನು ಸಾಲು ಸಾಲಾಗಿ ಓದಿದೆ. ಅವರ ಮೂರಂಕದ ಎಸೆತಗಳಲ್ಲಿ ಬಹುಪಾಲು ನನ್ನ ಇಬ್ಬರು ಗಾರ್ಡ್‌ಗಳ ಕಣ್ಣೆದುರೇ ಬುಟ್ಟಿಗೆ ಬಿದ್ದಿದ್ದವು.

ಆ ಇಬ್ಬರಿಗೂ ಈಗ 20 ವರ್ಷ. ಬಂದಾಗಿನಿಂದ ಜಂಪ್ ಶಾಟ್ ತರಬೇತಿಯನ್ನೇ ಕೊಟ್ಟಿದ್ದೇನೆ, ಹೊರರಕ್ಷಣೆಯತ್ತ ಗಮನವನ್ನೇ ಕೊಡಲಿಲ್ಲ. 14 ವಾರಗಳ ಸೀಸನ್‌ನಲ್ಲಿ ಇನ್ನು ನಾಲ್ಕು ವಾರ ಉಳಿದಿದೆ. ಈಗ 3-2 ಝೋನ್‌ಗೋ ಮ್ಯಾನ್-ಟು-ಮ್ಯಾನ್‌ಗೋ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವುದು) ಬದಲಾದರೆ ಸಾಕೇ, ಅಥವಾ ಜಂಪ್ ಶಾಟ್ ನಿಲ್ಲಿಸಿ ಹೊರರಕ್ಷಣೆ ಕಲಿಸುವ ಪ್ರೆಷರ್ ತರಬೇತಿಗೆ ಹೊರಳಬೇಕೇ? ಪ್ಲೇಆಫ್‌ನ ಆಸೆಯನ್ನು ಇನ್ನೂ ಬಿಟ್ಟಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮೂಲೆ ಎಸೆತ

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಿಡಿಸಿ ನೋಡುವುದು ಒಳ್ಳೆಯದು.

ಝೋನ್ ಎನ್ನುವುದು ಇಲ್ಲದ ರಕ್ಷಣೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಅಂಗಳದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತದೆ, ಅಷ್ಟೇ. 2-3ರಲ್ಲಿ ಮೂವರು ಬುಟ್ಟಿಯ ಬಳಿ ನಿಂತರೆ ಉಳಿದ ಇಬ್ಬರೇ ಮೂರಂಕದ ಕಮಾನನ್ನು ಪೂರ್ತಿ ಕಾಯಬೇಕಾಗುತ್ತದೆ. ನಿಜವಾದ ಅಂಗಳದಲ್ಲಿ ಆ ಗೆರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಪ್ರಕಾರ ಬುಟ್ಟಿಯಿಂದ 6.75 ಮೀಟರ್ ದೂರದಲ್ಲಿರುತ್ತದೆ, ಅಂಗಳದ ಅಗಲವೇ 15 ಮೀಟರ್. ಚುರುಕಾದ ಎರಡು ಪಾಸ್‌ಗಳಲ್ಲಿ ಚೆಂಡು ಈ ಮೂಲೆಯಿಂದ ಆ ಮೂಲೆಗೆ ತಲುಪಿಬಿಡುತ್ತದೆ, ಕಾಲುಗಳು ತಲುಪುವುದಿಲ್ಲ. ಆದ್ದರಿಂದಲೇ 2-3ರ ಎದುರು ಮೂಲೆಯ ಎಸೆತವೂ ಫ್ರೀ ಥ್ರೋ ಗೆರೆಯ ಸುತ್ತಲಿನ ಜಾಗವೂ ತೆರೆದುಕೊಳ್ಳುತ್ತವೆ. ನಿಮ್ಮ ಎದುರಾಳಿ ಕೋಚ್ ಜಾಣತನ ತೋರಿಸಿದನೆಂದು ನನಗೆ ಅನ್ನಿಸುವುದಿಲ್ಲ. ನೀವೇ ಬಿಟ್ಟ ಬಾಗಿಲಿನಿಂದ ಒಳಗೆ ಬಂದಿದ್ದಾನೆ.

3-2ಕ್ಕೆ ಹೊರಳಿದರೆ ಆ ಬಾಗಿಲು ಮುಚ್ಚುತ್ತದೆ, ಆದರೆ ಒಳಗಡೆ ಒಬ್ಬ ಕಡಿಮೆಯಾಗುತ್ತಾನೆ. ನಿಮ್ಮ ತಂಡದ ಏಕೈಕ ಬಂಡವಾಳವಾದ ರೀಬೌಂಡ್ ಆಗ ಸೊರಗುತ್ತದೆ. ಹಾಗಾಗಿ ಹೊರಗಿನಿಂದ ಎಸೆಯುವ ತಂಡಗಳೆದುರು ಮ್ಯಾನ್-ಟು-ಮ್ಯಾನ್ ಆಡಿಸಿ, ಉಳಿದವರೆದುರು 2-3 ಇಟ್ಟುಕೊಳ್ಳಿ. ಲೈನ್‌ಅಪ್ ಹಾಕುವಾಗ ಯಾರು ಯಾರನ್ನು ಕಾಯಬೇಕೆಂಬುದನ್ನೂ ಗಮನಿಸಿ. ನಿಮ್ಮ ಸ್ಮಾಲ್ ಫಾರ್ವರ್ಡ್‌ಗೆ ಹೊರರಕ್ಷಣೆ ಚೆನ್ನಾಗಿದ್ದರೆ ಎದುರಾಳಿಯ ಮುಖ್ಯ ಎಸೆತಗಾರನನ್ನು ಅವನಿಗೇ ಒಪ್ಪಿಸಬಹುದು.

2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಝಾಕಸ್ತಾನವನ್ನು 75-73ರಿಂದ ಸೋಲಿಸಿತ್ತು. ಕಾಯುವವರಿಲ್ಲದೆ ಬಿಟ್ಟ ಒಂದೇ ಒಂದು ಮೂರಂಕದ ಎಸೆತ ಅಂಥ ಪಂದ್ಯವನ್ನು ತಿರುಗಿಸಿಬಿಡುತ್ತದೆ. ಕಂಪ್ಯೂಟರ್‌ನೊಳಗಿನ ಆಟವೂ ಈ ಲೆಕ್ಕದಿಂದ ಹೊರಗಿಲ್ಲ.

ಸ್ನೇಹಪಂದ್ಯ ಪ್ರಿಯ

ತಂತ್ರದ ಮಾತನ್ನು ಒಪ್ಪುತ್ತೇನೆ. ಆದರೆ ಅದರಿಂದ ನಾಲ್ಕು ವಾರ ದೂಡಬಹುದೇ ಹೊರತು ಮುಂದಿನ ಸೀಸನ್‌ನಲ್ಲಿ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ವಯಸ್ಸು ಏರಿದಂತೆ ಕಲಿಕೆಯ ವೇಗ ಇಳಿಯುವ ಈ ಆಟದಲ್ಲಿ 20ರ ಹುಡುಗರಿಗೆ ವಾರದ ತರಬೇತಿಯ ಫಲ ಸಿಗುವ ಒಂದೊಂದು ಶುಕ್ರವಾರವೂ ಬೆಲೆಯುಳ್ಳದ್ದು. ಇಂದೇ ಪ್ರೆಷರ್‌ಗೆ ಬದಲಾಯಿಸಿ, ಅದೂ ಪಾಯಿಂಟ್ ಗಾರ್ಡ್ ಒಂದೇ ಸ್ಥಾನಕ್ಕೆ.

ಲೆಕ್ಕ ಹೀಗಿದೆ: ಪೂರ್ಣ ತರಬೇತಿ ಸಿಗಲು ಆಟಗಾರ ಆ ಸ್ಥಾನದಲ್ಲಿ ವಾರಕ್ಕೆ 48 ನಿಮಿಷ ಆಡಿರಬೇಕು. ವಾರಕ್ಕೆ ಎರಡು ಲೀಗ್ ಪಂದ್ಯ ಹಾಗೂ ನಡುವೆ ಒಂದು ಸ್ನೇಹಪಂದ್ಯವಿದ್ದರೆ ಒಂದು ಸ್ಥಾನಕ್ಕೆ 144 ನಿಮಿಷ, ಅಂದರೆ ಮೂವರು. ನಿಮಗಿರುವುದು ಇಬ್ಬರೇ. ಒಬ್ಬನನ್ನು ಸ್ನೇಹಪಂದ್ಯದಲ್ಲೂ ಇನ್ನೊಬ್ಬನನ್ನು ಸುಲಭದ ಲೀಗ್ ಪಂದ್ಯದಲ್ಲೂ ಪೂರ್ತಿ ಆಡಿಸಿದರೆ, ಕಷ್ಟದ ಪಂದ್ಯದಲ್ಲಿ ನಿಮಗಿಷ್ಟ ಬಂದವರನ್ನು ಇಳಿಸಬಹುದು. ಎರಡು ಸ್ಥಾನಗಳಿಗೆ ಹರಡಿದರೆ ಹೆಚ್ಚು ಜನರಿಗೆ ಜಾಗ ಸಿಗುತ್ತದೆ, ಆದರೆ ಪ್ರತಿಯೊಬ್ಬನ ವೇಗ ಕುಂಠಿತವಾಗುತ್ತದೆ. ನಿಮಗೆ ಅದರ ಅಗತ್ಯವಿಲ್ಲ. ಕುಳ್ಳಗಿರುವವನು ಹೊರರಕ್ಷಣೆಯನ್ನು ಬೇಗ ಕಲಿಯುತ್ತಾನೆ, ಆದ್ದರಿಂದ ಇಬ್ಬರ ಎತ್ತರವನ್ನೂ ಒಮ್ಮೆ ನೋಡಿಕೊಳ್ಳಿ.

ಅನುಭವದ ಒಂದು ಎಚ್ಚರಿಕೆ. ಹೋದ ಸೀಸನ್‌ನಲ್ಲಿ ನನ್ನ ಹುಡುಗನೊಬ್ಬ ಸ್ನೇಹಪಂದ್ಯದ 41ನೆಯ ನಿಮಿಷಕ್ಕೆ ಆರನೆಯ ಫೌಲ್ ಮಾಡಿ ಹೊರಬಿದ್ದ. ಆ ವಾರ ಅವನಿಗೆ ಬೇರೆ ಪಂದ್ಯ ಉಳಿದಿರಲಿಲ್ಲ. ಏಳು ನಿಮಿಷದ ಕೊರತೆಯನ್ನು ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡೇ ನೋಡಿ ಹಲ್ಲು ಕಡಿದೆ. ಆದ್ದರಿಂದ ತರಬೇತಿಯವನ ಪಂದ್ಯವನ್ನು ವಾರದ ಕೊನೆಯ ಪಂದ್ಯಕ್ಕೆ ಬಿಡಬೇಡಿ.

ಮೂಲೆ ಎಸೆತ

ಒಂದು ತಿದ್ದುಪಡಿ. ಬೇರೆ ಪಂದ್ಯಗಳಲ್ಲೂ ಅವರನ್ನೇ ಇಳಿಸಿ ನಿಮಿಷಗಳನ್ನು ವಿಪರೀತ ಏರಿಸಿದರೆ ಗೇಮ್ ಶೇಪ್ (ಆಟಗಾರನ ಆಟದ ಲಯ, ದೈಹಿಕ ಸ್ಥಿತಿ) ಕುಸಿದು, ಕಲಿತ ರಕ್ಷಣೆ ಅಂಗಳದಲ್ಲಿ ಕಾಣಿಸುವುದೇ ಇಲ್ಲ. 48 ದಾಟಿದ ಮೇಲೆ ಕೈ ಬಿಗಿಹಿಡಿಯುವುದು ಲೇಸು.

ಗಾಂಧಿಬಜಾರ್ ಗಾರ್ಡ್

ಇಬ್ಬರಿಗೂ ಧನ್ಯವಾದಗಳು. ಎತ್ತರ ನೋಡಿದೆ: ಒಬ್ಬ ನಿಜಕ್ಕೂ ಕುಳ್ಳ, ಇನ್ನೊಬ್ಬ ಸ್ಮಾಲ್ ಫಾರ್ವರ್ಡ್ ಆಗುವಷ್ಟು ಎತ್ತರವಿದ್ದಾನೆ, ಅವನನ್ನು ಇಷ್ಟು ದಿನ ಗಾರ್ಡ್ ಎಂದೇ ಭಾವಿಸಿದ್ದೆ. ಪ್ರೆಷರ್ ತರಬೇತಿಯನ್ನು ಪಾಯಿಂಟ್ ಗಾರ್ಡ್ ಸ್ಥಾನಕ್ಕೆ ಹಾಕಿ, ಕುಳ್ಳನನ್ನು ವಾರದ ಮೊದಲ ಲೀಗ್ ಪಂದ್ಯಕ್ಕೂ ಎತ್ತರದವನನ್ನು ಸ್ನೇಹಪಂದ್ಯಕ್ಕೂ ಬರೆದಿಟ್ಟಿದ್ದೇನೆ. ಶನಿವಾರ ಎದುರಾಗುವವರು ಮೋಷನ್ (ಹೊರಗಿನಿಂದ ಎಸೆಯುವ ಇನ್ನೊಂದು ತಂತ್ರ) ಆಡುವ ತಂಡ, ಆದ್ದರಿಂದ ಮ್ಯಾನ್-ಟು-ಮ್ಯಾನ್. ಸೆಂಟರ್‌ಗೆ ಈ ಏರ್ಪಾಟು ಹಿಡಿಸಲಾರದು, ಆದರೆ ಅವನು ಮಾತಾಡುವುದಿಲ್ಲವಲ್ಲ. ಪಂದ್ಯ ಮುಗಿದ ಮೇಲೆ ವರದಿಯನ್ನು ಇಲ್ಲೇ ಹಾಕುತ್ತೇನೆ.