ಪದಚರ್ಚೆ: ‘ವಾಸನೆ’ ಯಾರ ಪಕ್ಷ?

ಗೆಳೆಯರೇ,

ಒಳ್ಳೆಯದು ಕೆಟ್ಟದ್ದು ಅನ್ನದೆ ‘ಜೋರು ವಾಸನೆ’ ಅಂತಷ್ಟೇ ಹೇಳುವ ಒಂದು ಪದಕ್ಕಾಗಿ ಮೂರು ದಿನದಿಂದ ತಡಕಾಡುತ್ತಿದ್ದೇನೆ. ಸಿಕ್ಕಿಲ್ಲ. ಇಲ್ಲೇ ಕೇಳಿಬಿಡೋಣ ಅನ್ನಿಸಿತು.

ವಿಚಿತ್ರ ತಿನಿಸುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಬ್ಬರು ಕಣ್ಣು ಮುಚ್ಚಿ ಸವಿಯುವಂಥದ್ದು, ಪಕ್ಕದವರು ಮೂಗು ಮುಚ್ಚಿ ಎದ್ದು ಹೋಗುವಂಥದ್ದು. ಮೊದಲಿಗೇ ಡುರಿಯನ್ ಹಣ್ಣು ಬಂತು. ಮೈಯೆಲ್ಲ ಮುಳ್ಳು; ಹೆಸರೂ ಅದರಿಂದಲೇ ಬಂದದ್ದು, ಮಲಯ್ ಭಾಷೆಯಲ್ಲಿ ‘ಡುರಿ’ ಅಂದರೆ ಮುಳ್ಳು. ಆಗ್ನೇಯ ಏಷ್ಯಾದಲ್ಲಿ ಅದನ್ನು ಹಣ್ಣುಗಳ ರಾಜ ಅನ್ನುತ್ತಾರೆ. ವಾಸನೆ ಅಷ್ಟು ಜೋರು ಅಂತ ಸಿಂಗಪುರದ ಮೆಟ್ರೋದಲ್ಲಿ ಮಾತ್ರ ಆ ರಾಜನಿಗೆ ಪ್ರವೇಶವಿಲ್ಲ, ತರಬೇಡಿ ಅಂತ ಫಲಕವೇ ಇದೆ. ನಾನು ಸುಮ್ನೆ ‘ವಾಸನೆಯ ಹಣ್ಣು’ ಅಂತ ಬರೆದೆ. ಕರಡು ಓದಿದ ಗೆಳತಿ ಅದರ ಕೆಳಗೆ ಗೆರೆ ಎಳೆದು ಕೇಳಿದಳು: “ಕೊಳೆತಿದೆಯಾ?”

ಸರಿ, ‘ಪರಿಮಳದ ಹಣ್ಣು’ ಅಂತ ತಿದ್ದಿದೆ. “ಹಾಗಿದ್ರೆ ರೈಲಿಗೆ ಯಾಕೆ ಬಿಡಲ್ಲ?” ಅಂದಳು.

ನನ್ನ ತೊಡಕು ಇದೇ. ‘ಹೂವಿನ ವಾಸನೆ’ ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಹಿಂದೆ ಮುಂದೆ ಏನೂ ಇಲ್ಲದೆ ‘ವಾಸನೆ ಬರ್ತಿದೆ’ ಅಂದುನೋಡಿ. ಎಲ್ಲರೂ ತಮ್ಮ ಕಾಲುಚೀಲ ನೋಡಿಕೊಳ್ಳುತ್ತಾರೆ. ‘ಸುವಾಸನೆ’ ಅನ್ನುವ ಪದ ಬೇರೆ ಇರುವುದರಿಂದಲೋ ಏನೋ, ಒಂಟಿ ‘ವಾಸನೆ’ ಕೆಟ್ಟದ್ದರ ಕಡೆಗೇ ವಾಲಿಬಿಟ್ಟಿದೆ.

‘ನಾತ’ದ ಕಥೆ ಇನ್ನೂ ಪಾಪ. ಹಳಗನ್ನಡದಲ್ಲಿ ಶಕಟರೇಫದ, ಅಂದರೆ ಈಗ ಬಿಟ್ಟುಹೋದ ಱ ಅಕ್ಷರದ ‘ನಾಱು’ (ವಾಸನೆ ಬೀರು) ಒಳ್ಳೆಯದಕ್ಕೂ ಸಲ್ಲುತ್ತಿತ್ತು, ಕೆಟ್ಟದ್ದಕ್ಕೂ ಸಲ್ಲುತ್ತಿತ್ತು. ನಾತವೂ ಹಾಗೇ. ತಮಿಳಿನ ‘ನಾಟ್ರಂ’ ಕೂಡ ಒಂದು ಕಾಲಕ್ಕೆ ಕಂಪು, ಈಗ ಬರೀ ದುರ್ಗಂಧ. ನಮ್ಮಲ್ಲಿ ಹಳೆಯ ಅರ್ಥದ ಒಂದು ಗುರುತು ಉಳಿದಿದೆ ಅಂತ ನನ್ನ ಗುಮಾನಿ: ‘ದುರ್ನಾತ’. ನಾತವೇ ಕೆಟ್ಟದ್ದಾಗಿದ್ದರೆ ಅದಕ್ಕೆ ‘ದುರ್’ ಯಾಕೆ ಬೇಕಿತ್ತು? ‘ದುರ್ವಾಸನೆ’ಯನ್ನು ನೋಡಿ ಕಟ್ಟಿದ್ದೂ ಇರಬಹುದು, ಅಲ್ಲ ಅನ್ನೋಕಾಗಲ್ಲ. ಈಗಂತೂ ಡುರಿಯನ್ ಮುಂದೆ ‘ನಾತ’ ಇಟ್ಟರೆ ಹಣ್ಣಿನ ಕಥೆ ಅಲ್ಲಿಗೇ ಮುಗಿಯಿತು.

ಇದು ಬರೀ ಅನುವಾದಕರ ಕೊಸರಾಟ ಅನ್ನಬೇಡಿ. 2001ರಲ್ಲಿ ರೇಚಲ್ ಹರ್ಜ್ ಮತ್ತು ಜೂಲಿಯಾ ಫಾನ್ ಕ್ಲೆಫ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಬ್ಯುಟಿರಿಕ್ ಮತ್ತು ಐಸೊವಲೆರಿಕ್ ಆಮ್ಲಗಳ ಮಿಶ್ರಣವನ್ನು ಜನರಿಗೆ ಮೂಸಲು ಕೊಟ್ಟರು. ಒಮ್ಮೆ ‘ಪಾರ್ಮೆಸಾನ್ ಚೀಸ್’ ಅಂತ ಹೇಳಿ, ಇನ್ನೊಮ್ಮೆ ‘ವಾಂತಿ’ ಅಂತ ಹೇಳಿ. ಸೀಸೆಯಲ್ಲಿದ್ದದ್ದು ಅದೇ. ಚೀಸ್ ಅಂದಾಗ ಹಿತ, ವಾಂತಿ ಅಂದಾಗ ಅಸಹ್ಯ! ಅಂದರೆ ಪದವೇ ಮೂಗಿನ ಕೆಲಸ ಮಾಡಿತು ಅಲ್ವಾ? ನಾನು ಆರಿಸುವ ಪದಕ್ಕೂ ಅಷ್ಟೇ ತೂಕ ಇದೆ ಅಂದಮೇಲೆ ಸ್ವಲ್ಪ ಹೆದರಿಕೆ.

ಮೀನಿನ ವಿಷಯದಲ್ಲಿ ಆ ಹೆದರಿಕೆ ನಿಜವೇ ಆಯಿತು. ಸ್ವೀಡನ್ನಿನ ಸುರ್‌ಸ್ಟ್ರೋಮಿಂಗ್ ಅಂದರೆ ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು. ಕೊಳೆಯದಿರಲು ಎಷ್ಟು ಬೇಕೋ ಅಷ್ಟೇ ಉಪ್ಪು ಹಾಕಿ ಇಡುತ್ತಾರೆ. ಡಬ್ಬಿಗೆ ತುಂಬಿದ ಮೇಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ಗ್ಯಾಸ್ ತುಂಬಿ ಡಬ್ಬಿ ಉಬ್ಬುತ್ತದೆ. ಸಾಮಾನ್ಯವಾಗಿ ಮನೆಯ ಹೊರಗೆ ಬಯಲಲ್ಲೇ ಅದನ್ನು ತೆರೆಯುತ್ತಾರೆ. ಇದಕ್ಕೆ ‘ಕೊಳೆತ’ ಅಂದರೆ ಸುಳ್ಳು. ‘ಹಳಸಿದ’ ಅಂದರೂ ಬಿಸಾಡಬೇಕಾದದ್ದು ಅಂತಲೇ ಅರ್ಥ. ‘ಹುದುಗಿಸಿದ’ ಸರಿ, ಆದರೆ ಹುದುಗು ಅಂದರೆ ಅಡಗು ಅಂತಲೂ ಇದೆಯಲ್ಲ. ಈ ಮೀನು ಎಲ್ಲೂ ಅಡಗಿ ಕೂರುವ ಜಾತಿಯದ್ದಲ್ಲ. ಕೊನೆಗೆ ಸ್ವೀಡಿಷರನ್ನೇ ಅನುಸರಿಸಿದೆ. ಅವರ ‘ಸುರ್’ ಅಂದರೆ ಹುಳಿ. ‘ಹುಳಿ ಬರಿಸಿದ ಮೀನು’ ಅಂತ ಹಾಕಿದ್ದೇನೆ. ‘ಬರಿಸಿದ’ ಅಂದಾಗ ಬೇಕಂತಲೇ ಮಾಡಿದ್ದು ಅನ್ನುವುದು ತಿಳಿಯುತ್ತದೆ, ‘ಬಂದ’ದಲ್ಲಿ ಅದಿಲ್ಲ. ಬೂಷ್ಟಿನ ಗೆರೆ ಇರುವ ರಾಕ್‌ಫೋರ್ ಚೀಸ್‌ಗೂ ಇದೇ ಉಪಾಯ: ‘ಬೂಷ್ಟು ಹಿಡಿದ’ ಅಲ್ಲ, ‘ಬೂಷ್ಟು ಹಿಡಿಸಿದ’.

ಇನ್ನೊಂದು, ‘ಅಕ್ವೈರ್ಡ್ ಟೇಸ್ಟ್’. ಮೊದಲು ಸೇರದೆ, ತಿಂದು ತಿಂದು ಹಿಡಿಸುವ ರುಚಿ. ‘ಆರ್ಜಿತ ರುಚಿ’ ಅಂತ ಬರೆದರೆ ಆಸ್ತಿಪತ್ರ ಓದಿದ ಹಾಗಿರುತ್ತದೆ. ‘ಒಗ್ಗಿದ ರುಚಿ’ ಚೆನ್ನಾಗಿದೆ, ಆದರೆ ಅದರಲ್ಲಿ ತಾಳಿಕೊಂಡದ್ದೇ ಜಾಸ್ತಿ, ಆಸೆ ಕಡಿಮೆ. ‘ರುಚಿ ಹತ್ತಿತು’ ಅಂದರೆ ಆಸೆ ಇದೆ, ಜೊತೆಗೆ ಚಟದ ಸುಳಿವೂ ಇದೆ. ಫಿನ್ಲೆಂಡಿನ ಸಾಲ್ಮಿಯಾಕ್ಕಿ ಮಿಠಾಯಿಗೆ ಈ ‘ರುಚಿ ಹತ್ತಿತು’ ಅನ್ನುವುದೇ ಹೊಂದುತ್ತದೆ ಅಂತ ನನಗೆ. ಅದು ಅತಿಮಧುರಕ್ಕೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಬೆರೆಸಿದ್ದು. ಹೆಸರಲ್ಲಿ ಅತಿಮಧುರ, ನಾಲಗೆಯ ಮೇಲೆ ಉಪ್ಪುಪ್ಪು, ಚುರುಚುರು. ಬೇರೆಯವರು ಉಗುಳಿದರೆ ಅಲ್ಲಿನವರು ಇನ್ನೊಂದು ಕೇಳುತ್ತಾರೆ.

ಹಾಗಂತ ಎಲ್ಲವೂ ಒಗ್ಗುತ್ತದೆ ಅಂತಲ್ಲ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ಹಾಗೆ ಅನ್ನಿಸುವುದಕ್ಕೆ ಅದರಲ್ಲಿರುವ ಆಲ್ಡಿಹೈಡ್ ಅನ್ನುವ ವಾಸನೆಯ ರಾಸಾಯನಿಕಗಳೂ ಅವರ ಜೀನ್‌ಗಳೂ ಸ್ವಲ್ಪ ಮಟ್ಟಿಗೆ ಕಾರಣ. (ಸೊಪ್ಪಿಗೂ ಸೋಪಿಗೂ ಇಷ್ಟು ಹತ್ತಿರದ ನಂಟು ಕನ್ನಡದಲ್ಲಿ ಮಾತ್ರ ಸಿಗುವುದೇನೋ.)

ಕೊನೆಯ ತೊಡಕು ಒಂದು ಹೆಸರು. ಸ್ವೀಡನ್ನಿನ ಮಾಲ್ಮೊದಲ್ಲಿ 2018ರಲ್ಲಿ ‘ಡಿಸ್ಗಸ್ಟಿಂಗ್ ಫುಡ್ ಮ್ಯೂಸಿಯಂ’ ಶುರುವಾಯಿತು. ಅಲ್ಲಿ ವಾಂತಿ ಚೀಲವೇ ಟಿಕೆಟ್. ‘ಅಸಹ್ಯ’ ಅಂದರೆ ಈಗ ಅಶ್ಲೀಲದ ಕಡೆಗೂ ಹೋಗುತ್ತದೆ. ‘ಹೇಸಿಗೆ’ ಅಂದರೆ ಮಕ್ಕಳು ಮಾಡಿಕೊಳ್ಳುವ ಹೇಸಿಗೆ ನೆನಪಾಗುತ್ತದೆ. ‘ವಾಕರಿಕೆ ತಿನಿಸುಗಳ ಮ್ಯೂಸಿಯಂ’ ಅಂದರೆ ಹೇಗೆ? ಚೀಲಕ್ಕಂತೂ ಹೊಂದುತ್ತದೆ.

ನಿಮ್ಮ ಮನೆಮಾತಿನಲ್ಲಿ, ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡದೆ ‘ಜೋರು ವಾಸನೆ’ ಅನ್ನುವುದಕ್ಕೆ ಪದ ಇದ್ದರೆ ದಯವಿಟ್ಟು ತಿಳಿಸಿ. ‘ಘಾಟು’ ಬೇಡ. ಅದು ಮೂಗು ಉರಿಸುತ್ತದೆ, ಸಾಸಿವೆಗೆ ಸರಿ, ಈ ಹಣ್ಣಿಗೆ ಅಲ್ಲ. ಸದ್ಯಕ್ಕೆ ‘ಮೂಗಿಗೆ ಬಡಿಯುವ ಹಣ್ಣು’ ಅಂತ ಬರೆದಿದ್ದೇನೆ. ಗೆಳತಿ ಇನ್ನೂ ಓದಿಲ್ಲ.